ದೇವಾನಾಂಪ್ರಿಯ: ನಿರ್ದೋಷಶಬ್ದಗಳೂ ನುಡಿಯ ಮಡಿಯೂ

೧

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿರುವ ಬ್ರಾಹ್ಮೀಲಿಪಿಯ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತೆಂಬುದು ಚರಿತ್ರಾಭ್ಯಾಸಿಗಳಿಗೆ ಸುವಿದಿತವಾದ ವಿಷಯ. ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರು ಅದನ್ನು ಮೊದಲು ಕಂಡನು, ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ರಾಜನ ಬಿರುದುಗಳು ಮಾತ್ರ ಇದ್ದುವು. ಮಸ್ಕಿಯ ಬಂಡೆಯಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನ ಪಕ್ಕದಲ್ಲಿಯೇ ಅಶೋಕನೆಂಬ ಹೆಸರೂ ದೊರೆತು, ಬಿರುದು ಯಾರದೆಂಬ ಸಂಶಯವು ಪರಿಹಾರವಾಯಿತು. ಕನ್ನಡನಾಡಿನ ಒಂದು ಬಂಡೆಯು ಭರತಖಂಡದ ಚರಿತ್ರೆಗೆ ಮಾಡಿದ ಉಪಕಾರವಿದು.

ಈಗ ಪಾಠಶಾಲೆಯಲ್ಲಿ ಸಿದ್ಧಾಂತಕೌಮುದಿಯನ್ನು ಕ್ರಮವಾಗಿ ಓದಿದ ವಿದ್ಯಾರ್ಥಿಯೊಬ್ಬನನ್ನು ಆ ಬಂಡೆಯ ಮುಂದೆ ನಿಲ್ಲಿಸಿದರೆ ಆತನು ಏನೆಂದುಕೊಂಡಾನು? ದೇವಾನಾಂಪ್ರಿಯನೆಂದರೆ ಮೂರ್ಖನೆಂದು ಆತನು ಕಲಿತಿರುವನು. ಷಷ್ಠೀವಿಭಕ್ತಿಯು ಲೋಪವಾಗದೆ ನಿಂತರೆ ಮೂರ್ಖನೆಂಬ ಅರ್ಥ, ಲೋಪವಾಗಿ ‘ದೇವಪ್ರಿಯ’ನೆಂದಾದರೆ ಮಾತ್ರ ದೇವತೆಗಳಿಗೆ ಪ್ರಿಯನಾದವನೆಂಬ ಅರ್ಥ ಎಂಬುದು ಭಟ್ಟೋಜಿದೀಕ್ಷಿತರ ವ್ಯವಸ್ಥೆ. ಹಾಗಾದರೆ ಒಬ್ಬ ಚಕ್ರವರ್ತಿಯು ತನ್ನ ರಾಜ್ಯದ ಉದ್ದಗಲಕ್ಕೂ ಬಂಡೆಗಳ ಮೇಲೆಯೂ ಕಂಬಗಳ ಮೇಲೆಯೂ ತನ್ನನ್ನು ತಾನೇ ಮೂರ್ಖನೆಂದು ಕೊರೆಯಿಸಿಕೊಂಡನೆ? ಈ ಲೇಖಕನು ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಗಳೊಡನೆ ಈ ಮಾತನ್ನೆತ್ತಿ ನಕ್ಕುದುಂಟು. ಆ ನಗೆಯು ಅಶೋಕನಿಗೆ ಸಲ್ಲತಕ್ಕುದಲ್ಲ, ನಮಗೇ ಸಲ್ಲತಕ್ಕುದು ಎಂದು ತಿಳಿಯಲು ಕೆಲವು ವರ್ಷಗಳು ಬೇಕಾದುವು.

ನಿರ್ದೋಷವಾದ ಶಬ್ದವನ್ನು ಬೈಗುಳವೆಂದು ಭ್ರಮಿಸುವುದು ಈ ಕಾಲದಲ್ಲಿ ದೇಶವಿದೇಶಗಳಲ್ಲಿ ಚರ್ಚೆಗೆ ಬಂದಿರುವ ವಿಷಯ. ಸಾರ್ವಜನಿಕವಾಗಿ ಆಡುವ ಮಾತಿನಲ್ಲಿ ಯಾರ ಮನಸ್ಸನ್ನೂ ನೋಯಿಸುವ ಶಬ್ದವಿರಕೂಡದೆಂಬ ನಿಯಮವನ್ನು ನಾವು ‘ನುಡಿಯ ಮಡಿ’ಯೆಂದು ಕರೆಯಬಹುದು. ಮಡಿಯು ಒಳ್ಳೆಯದೇ, ಆದರೆ ಯಾವುದು ಮೈಲಿಗೆ ಎಂಬುದನ್ನು ಅರಿಯದೆ ಮಾಡುವ ಮಡಿಯಿಂದ ಗೃಹಕೃತ್ಯವೇ ಕೆಡುವುದುಂಟು. ಈ ಮಡಿಯ ಎಲ್ಲೆ ಯಾವುದು, ಅದನ್ನು ಗೊತ್ತುಮಾಡುವ ಪ್ರಮಾಣ ಯಾವುದು ಎಂಬುದನ್ನು ಒಂದು ಶಬ್ದದ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿಚಾರಿಸಲಾಗುವುದು.

೨

ಮೊದಲು, ಧ್ವನಿಸಾಮ್ಯದಿಂದ ಮಾತ್ರ ಹುಟ್ಟುವ ಭ್ರಮೆಯನ್ನು ನೋಡೋಣ. ೧೯೯೯ರ ಜನವರಿಯಲ್ಲಿ ಅಮೆರಿಕದ ವಾಷಿಂಗ್‌ಟನ್ ನಗರದಲ್ಲಿ ಮೇಯರ್ ಆಂಟನಿ ವಿಲಿಯಮ್ಸ್ ಎಂಬವರ ಕೈಕೆಳಗಿನ ಅಧಿಕಾರಿಯೊಬ್ಬನು, ಹಣವನ್ನು ಬಿಗಿಹಿಡಿದು ವೆಚ್ಚಮಾಡಬೇಕಾಗಿದೆ ಎಂದು ಹೇಳುವಾಗ ‘ನಿಗರ್ಡ್ಲಿ’ ಎಂಬ ಶಬ್ದವನ್ನು ಬಳಸಿದನು. ಅದರ ಅರ್ಥ ಜಿಪುಣತನದಿಂದ ಎಂದಷ್ಟೆ. ಚಾಸರ್ ಕವಿಯ ಕಾಲದಿಂದಲೂ, ಎಂದರೆ ಹದಿನಾಲ್ಕನೆಯ ಶತಮಾನದಿಂದಲೂ, ಇಂಗ್ಲಿಷಿನಲ್ಲಿರುವ ಈ ಶಬ್ದದ ಮೂಲವನ್ನು ಉತ್ತರ ಯೂರೋಪಿನ ಸ್ಕಾಂಡಿನೇವಿಯದ ಭಾಷೆಗಳಲ್ಲಿ ಹುಡುಕುತ್ತಾರೆ. ಆಫ್ರಿಕದಿಂದ ಸೆರೆಹಿಡಿದು ತಂದ ಜನರನ್ನು ಹೀನೈಸಲು ಬಿಳಿಯರು ಬಳಸಿದ ಬೈಗುಳವಾದರೋ ಕಪ್ಪುಬಣ್ಣವನ್ನು ಹೇಳುವ ಲ್ಯಾಟಿನ್ ಶಬ್ದದಿಂದ ಬಂದುದು. ಎರಡಕ್ಕೂ ಸಂಬಂಧವಿಲ್ಲ, ಮೊದಲೆರಡು ಅಕ್ಷರಗಳ ಧ್ವನಿ ಮಾತ್ರ ಒಂದು. ಆದರೂ ಆತನು ಬೈಗುಳವನ್ನಾಡಿದನೆಂಬ ವದಂತಿ ಹಬ್ಬಿತು, ಆತನು ರಾಜೀನಾಮೆಯನ್ನಿತ್ತನು, ಮೇಯರನು ಅದನ್ನು ಅಂಗೀಕರಿಸಿದನು. ಬಳಿಕ ಹಲವರು ಇದು ಅನ್ಯಾಯವೆಂದರು. ಕರಿಯರ ಹಕ್ಕುಗಳಿಗಾಗಿ ಹೋರಾಡುವ ಹಿರಿಯ ಸಂಸ್ಥೆಯೊಂದರ ಅಧ್ಯಕ್ಷನಾಗಿದ್ದ ಜೂಲಿಯನ್ ಬಾಂಡ್ ಎಂಬವರೇ, ಕೇಳುವವರಿಗೆ ತಿಳಿಯದೆಂಬ ಕಾರಣದಿಂದ ಆಡುವವನು ತನ್ನ ಮಾತನ್ನು ಕತ್ತರಿಸಿಕೊಳ್ಳಬೇಕಾಗಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟರು. ಕಡೆಗೆ ಆತನನ್ನು ಮರಳಿ ಕರೆಯಲಾಗಿ, ಆತನು ನಗರದ ಆಡಳಿತದಲ್ಲಿಯೇ ಬೇರೊಂದು ಹುದ್ದೆಯನ್ನು ವಹಿಸಿದನು.

ಅದೇ ಚಳಿಗಾಲದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ, ಚಾಸರನ ಕಾವ್ಯವನ್ನು ಪಾಠಹೇಳುತ್ತಿದ್ದ ಅಧ್ಯಾಪಕನು ಇದೇ ಶಬ್ದವನ್ನು ಬಳಸಿದುದರಿಂದ ವಿದ್ಯಾರ್ಥಿನಿಯೊಬ್ಬಳು ನೊಂದುಕೊಂಡಳು. ಅಧ್ಯಾಪಕರ ಮಾತಿಗೆ ಕಟ್ಟುಪಾಡನ್ನು ವಿಧಿಸಿದ್ದ ನಿಯಮಾವಳಿಯು ಆಗ ಅಲ್ಲಿ ಚರ್ಚೆಯಲ್ಲಿತ್ತು. ಅದನ್ನು ಬಲಪಡಿಸಬೇಕೆಂದು ಆಕೆ ತನ್ನ ಅನುಭವವನ್ನು ಹೇಳಿದಳು. ಫಲವು ವಿಪರೀತವಾಯಿತು: ಅದನ್ನು ಕೇಳಿದವರಿಗೆ ಇಂಥ ನಿಯಮದ ಅಪಾಯವೇ ಎದ್ದುಕಂಡಿತು, ಆ ವರ್ಷದ ಮಾರ್ಚಿಯಲ್ಲಿ ನಿಯಮಾವಳಿಯು ರದ್ದಾಯಿತು. ೨೦೨೦ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. ಚೀನೀ ಭಾಷೆಯಲ್ಲಿ, ಮಾತಿನ ನಡುವೆ ತಡವರಿಸುವಾಗ, ನಾವು ‘ಅದು, ಅದು’ ಎನ್ನುವಂತೆ, ‘ನೇಗ’ ಎಂಬಂತೆ ಕೇಳುವ ಶಬ್ದವೊಂದನ್ನು ಆಡುತ್ತಾರೆ. ಅಧ್ಯಾಪಕನು ಅದನ್ನು ಉದಾಹರಣೆಯಾಗಿ ಹೇಳಿದುದು ಬೈಗುಳವಾಗಿ ಕೇಳಿಸಿತು. ಆತನನ್ನು ಆ ಪಾಠದಿಂದ ಬಿಡಿಸಿದರು. ವಿಚಾರಣೆಯಲ್ಲಿ ಆತನ ದೋಷವೇನೂ ಕಾಣಲಿಲ್ಲ.

ಇದನ್ನು ಹೊಸ ನಾಗರಿಕತೆಯ ಹುಚ್ಚೆಂದು ನಗುವವರಿಗೆ ನಮ್ಮ ಅಲಂಕಾರಶಾಸ್ತ್ರವು ಮರೆತುಹೋದಂತೆ ತೋರುತ್ತದೆ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಎದುರಿಸಿ ವ್ಯವಸ್ಥೆಯನ್ನು ಹೇಳಿದ್ದಾರೆ. ಲಜ್ಜೆ, ಜುಗುಪ್ಸೆ, ಅಮಂಗಲ ಎಂಬ ಮೂರನ್ನು ಮನಸ್ಸಿಗೆ ತರುವ ಪದವು ಅಶ್ಲೀಲವೆಂದು ಕಾಶ್ಮೀರದ ವಾಮನನ ಮತ. ಎರಡು ಪದಗಳು ಸೇರುವಲ್ಲಿ ಅನುದ್ದಿಷ್ಟವಾದ ಅಶ್ಲೀಲಧ್ವನಿ ಹುಟ್ಟಿದರೂ ಅದು ದೋಷವೇ, ಕವಿಯು ಎಚ್ಚರದಿಂದಿರಬೇಕು. ಆದರೆ ಆತನು ಇಷ್ಟಕ್ಕೆ ನಿಲ್ಲಿಸದೆ ಮೂರು ಅಪವಾದಗಳನ್ನು ಹೇಳಿದ್ದಾನೆ. ಅಸಭ್ಯಾರ್ಥವು ಪ್ರಸಿದ್ಧವಾಗಿಲ್ಲದ ಪದವು ಗುಪ್ತ. ಲಕ್ಷಣೆಯಿಂದ ಮಾತ್ರ ಅಸಭ್ಯಾರ್ಥವು ಬರುವ ಪದವು ಲಕ್ಷಿತ. ಲೋಕವ್ಯವಹಾರವು ಅಸಭ್ಯಾರ್ಥವನ್ನು ಮುಚ್ಚಿಬಿಟ್ಟಿರುವ ಪದವು ಸಂವೃತ. ಈ ಮೂರರಲ್ಲಿ ದೋಷವಿಲ್ಲ. ‘ಭಗಿನಿ’ ಎಂಬಲ್ಲಿ ಲಜ್ಜಾಕರವಾದ ಧ್ವನಿಯುಂಟು, ‘ಅಭಿಪ್ರೇತ’ ಎಂಬಲ್ಲಿ ಪ್ರೇತನುಂಟು, ‘ಕುಮಾರಿ’ ಎಂಬಲ್ಲಿ ಮಾರಿಯುಂಟು. ಆದರೆ ಅಕ್ಕತಂಗಿಯರನ್ನು ಭಗಿನಿಯೆಂದು ಕರೆಯುವಾಗ ಯಾರ ಮನಸ್ಸೂ ಅತ್ತ ಹೋಗದು. ಭಗಿನೀ, ಭಗವತೀ ಮೊದಲಾದವು ಎಲ್ಲೆಡೆಯೂ ಒಪ್ಪಿತವೆಂದು ದಂಡಿಯೂ ಹೇಳಿರುವನು. ಆ ದಂಡಿಯ ಜಾಡನ್ನು ಹಿಡಿದು ಕವಿರಾಜಮಾರ್ಗವು ಹುಟ್ಟಿತೆಂಬುದು ಕನ್ನಡಿಗರಿಗೆ ಹೇಳಬೇಕಾದ ಮಾತಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಶಾಸ್ತ್ರವು ಹೊರೆಯನ್ನು ಇಬ್ಬರಿಗೂ ಹಂಚಿದೆ. ಸುಲಭವಾಗಿ ತಪ್ಪಿಸಬಹುದಾದ ಅಪಧ್ವನಿಯನ್ನು ತಪ್ಪಿಸುವುದು ಆಡುವವನ ಹೊಣೆ. ಲೋಕವು ಮುಚ್ಚಿದುದನ್ನು ಕೆದಕದೆ ಬಿಡುವುದು ಕೇಳುವವನ ಹೊಣೆ. ‘ನಿಗರ್ಡ್ಲಿ’ ಎಂಬುದಕ್ಕೆ ಒದಗಿದ ಕಷ್ಟವು ಹೀಗೆ ಸ್ಪಷ್ಟವಾಗುತ್ತದೆ. ಶಬ್ದವು ಹಳೆಯದು, ನಿರ್ದೋಷಿ. ಆದರೆ ಬಳಕೆ ಕಡಿಮೆಯಾದುದರಿಂದ ಲೋಕವ್ಯವಹಾರದ ಹೊದಿಕೆಯು ಅದರ ಮೇಲಿಂದ ಜಾರಿತು. ಕೇಳಿದವರಿಗೆ ಅರ್ಥವು ಹೊಳೆಯುವುದಕ್ಕೆ ಮೊದಲು ಧ್ವನಿ ತಾಗಿತು. ಆ ಧ್ವನಿಯ ಹಿಂದೆ ಅವರ ಹಿರಿಯರು ಅನುಭವಿಸಿದ ದಾಸ್ಯವಿತ್ತು. ಅವರು ಬೆಚ್ಚಿದುದನ್ನು ನಾವು ಹಾಸ್ಯಮಾಡಲಾಗದು. ಆದರೆ ಬೆಚ್ಚಿದುದು ಬೇರೆ, ಬೆಚ್ಚಿದುದನ್ನೇ ಸಾಕ್ಷ್ಯವಾಗಿಟ್ಟು ಒಬ್ಬನ ಜೀವನೋಪಾಯವನ್ನು ಕಸಿಯುವುದು ಬೇರೆ. ಭ್ರಮೆಯು ಕ್ಷಮ್ಯ, ಭ್ರಮೆಯು ತಿಳಿದ ಮೇಲೆಯೂ ದಂಡನೆಯು ನಿಂತರೆ ಅದು ಅಕ್ಷಮ್ಯ.

೩

ಧ್ವನಿಯ ಭ್ರಮೆಯನ್ನು ಕೋಶವನ್ನು ತೆರೆದು ಪರಿಹರಿಸಬಹುದು. ಕಾಲದ ಭ್ರಮೆಯು ಅಷ್ಟು ಸುಲಭವಲ್ಲ. ಅಲ್ಲಿ ಕೋಶವೇ, ವ್ಯಾಕರಣವೇ ನಮ್ಮನ್ನು ದಾರಿತಪ್ಪಿಸುತ್ತದೆ. ಇದಕ್ಕೆ ದೇವಾನಾಂಪ್ರಿಯಶಬ್ದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈ ಶಬ್ದವು ಗೌರವವಾಚಕವಾಗಿತ್ತೆಂಬುದಕ್ಕೆ ಕಲ್ಲುಗಳೇ ಸಾಕ್ಷಿ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗದ ಸೀಮೆಯಲ್ಲಿ ಕಂಡುಹಿಡಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಶಾಸನಗಳಲ್ಲಿಯೂ ಇದೇ ಬಿರುದು. ಇದು ಅಶೋಕನೊಬ್ಬನದೇ ಅಲ್ಲ. ಎಂಟನೆಯ ಬಂಡೆಶಾಸನದಲ್ಲಿ ಹಿಂದಿನ ಅರಸರನ್ನು ಹೇಳುವಾಗ ಗಿರ್ನಾರದ ಪಾಠದಲ್ಲಿ ‘ರಾಜರು’ ಎಂದಿರುವ ಕಡೆ ಕಾಲ್ಸಿ ಮೊದಲಾದೆಡೆಗಳ ಪಾಠದಲ್ಲಿ ‘ದೇವಾನಾಂಪ್ರಿಯರು’ ಎಂದಿದೆ. ಅಶೋಕನ ಮೊಮ್ಮಗನಾದ ದಶರಥನಿಗೂ ನಾಗಾರ್ಜುನಿ ಗುಹೆಗಳ ಶಾಸನಗಳಲ್ಲಿ ಇದೇ ಬಿರುದು. ಸಿಂಹಳದ ತಿಸ್ಸರಾಜನೂ ದೇವಾನಾಂಪ್ರಿಯನೇ. ೧೮೩೭ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಅವರು ಶಾಸನಗಳ ಒಡೆಯನು ಈ ಸಿಂಹಳದ ರಾಜನಿರಬಹುದೆಂದು ಮೊದಲು ಊಹಿಸಿದುದಕ್ಕೆ ಈ ಬಿರುದಿನ ಸಾಮ್ಯವೇ ಕಾರಣ. ಟರ್ನರ್ ಅವರು ದೀಪವಂಶದ ಆಧಾರದಿಂದ ಆತನು ಅಶೋಕನೆಂದು ತೋರಿಸಿದರು.

ಅರಮನೆಯ ಹೊರಗೂ ಈ ಶಬ್ದವು ಆದರದ ಸಂಬೋಧನೆಯಾಗಿತ್ತು. ಅಶೋಕನಿಗೆ ಸುಮಾರು ಒಂದು ಶತಮಾನ ಈಚಿನವನಾದ ಪತಂಜಲಿಯು ಪೂಜ್ಯರನ್ನು ಕರೆಯುವ ಶಬ್ದಗಳನ್ನೆಣಿಸುವಾಗ ‘ಭವಾನ್’, ‘ದೀರ್ಘಾಯು’, ‘ಆಯುಷ್ಮಾನ್’ ಎಂಬವುಗಳ ಪಂಕ್ತಿಯಲ್ಲಿ ‘ದೇವಾನಾಂಪ್ರಿಯ’ನನ್ನೂ ಕುಳ್ಳಿರಿಸಿದ್ದಾನೆ. ಜೈನಾಗಮಗಳ ಅರ್ಧಮಾಗಧಿಯಲ್ಲಿ ‘ದೇವಾಣುಪ್ಪಿಯ’ ಎಂಬುದು ಪದೇ ಪದೇ ಬರುವ ಪ್ರೀತಿಯ ಸಂಬೋಧನೆ. ಕ್ರಿ. ಶ. ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದಲ್ಲಿ ಇದನ್ನು ಗೌರವಾರ್ಥದಲ್ಲಿಯೇ ಬಳಸುವನು.

ಹಾಗಾದರೆ ಮೂರ್ಖನು ಎಲ್ಲಿಂದ ಬಂದನು? ಪಾಣಿನಿಯ ಒಂದು ಸೂತ್ರದಂತೆ, ನಿಂದೆಯು ತೋರುವಾಗ ಸಮಾಸದ ಪೂರ್ವಪದದ ಷಷ್ಠಿಯು ಲೋಪವಾಗದು. ಕಳ್ಳನ ಕುಲವೆಂದು ಜರೆಯುವಾಗ ‘ಚೌರಸ್ಯಕುಲ’ ಎಂಬಂತೆ. ಈ ಸೂತ್ರದ ಕೆಳಗೆ ಕಾತ್ಯಾಯನನು ಷಷ್ಠಿಯು ಹಾಗೆಯೇ ನಿಲ್ಲುವ ಬೇರೆ ಕೆಲವು ರೂಪಗಳನ್ನು ವಾರ್ತಿಕಗಳಲ್ಲಿ ಸೇರಿಸಿದನು. ‘ವಾಚೋಯುಕ್ತಿ’ ಅವುಗಳಲ್ಲೊಂದು, ಅದರಲ್ಲಿ ನಿಂದೆಯ ಗಂಧವೂ ಇಲ್ಲ. ‘ದೇವಾನಾಂಪ್ರಿಯ’ ಇನ್ನೊಂದು. ರೂಪಸಾಮ್ಯದಿಂದ ಇವು ಅಲ್ಲಿ ಸೇರಿದುವೇ ಹೊರತು ಅರ್ಥಸಾಮ್ಯದಿಂದಲ್ಲ. ಏಳನೆಯ ಶತಮಾನದ ಕಾಶಿಕಾವೃತ್ತಿಯಲ್ಲಿಯೂ ಮೂರ್ಖನೆಂಬ ಮಾತಿಲ್ಲ. ಸುಮಾರು ಕ್ರಿ. ಶ. ೧೬೦೦ರ ಹೊತ್ತಿಗೆ, ಭಟ್ಟೋಜಿದೀಕ್ಷಿತರ ಕೌಮುದಿಯಲ್ಲಿ, ವಾರ್ತಿಕದ ಕೊನೆಗೆ ‘ಮೂರ್ಖನೆಂಬ ಅರ್ಥದಲ್ಲಿ’ ಎಂಬ ಅಭಿಪ್ರಾಯದ ಒಂದು ಪದವು ಸೇರಿಕೊಂಡಿತು. ಬ್ರಹ್ಮಜ್ಞಾನವಿಲ್ಲದವನು ದೇವತೆಗಳಿಗೆ ಪಶುವಿನಂತೆ ಉಪಯುಕ್ತನಾದುದರಿಂದ ಅವರಿಗೆ ಪ್ರಿಯನು ಎಂದು ವ್ಯಾಖ್ಯಾಕಾರರು ಉಪಪತ್ತಿಯನ್ನೂ ಕಲ್ಪಿಸಿದರು. ನಿಂದೆಯ ಸೂತ್ರದ ನೆರೆಯಲ್ಲಿ ವಾಸಮಾಡಿದುದೇ ಈ ಶಬ್ದದ ಅಪರಾಧವೆಂದು ನಮಗೆ ತೋರುತ್ತದೆ. ಸಹವಾಸದೋಷವು ಮನುಷ್ಯರಿಗೆ ಮಾತ್ರವಲ್ಲ, ಶಬ್ದಗಳಿಗೂ ಉಂಟು.

೪

ಇಲ್ಲಿ ಒಂದು ಪೂರ್ವಪಕ್ಷವುಂಟು. ಬೌದ್ಧನಾದ ರಾಜನ ಮೇಲಣ ದ್ವೇಷದಿಂದ ವೈದಿಕರು ಬೇಕೆಂದೇ ಈ ಬಿರುದನ್ನು ಬೈಗುಳವಾಗಿ ಮಾಡಿದರು ಎಂದು ಕೆಲವು ವಿದ್ವಾಂಸರು ಬರೆದಿದ್ದಾರೆ. ಈ ಮತವು ಕೇಳಲು ಸರಳವಾಗಿದೆ. ಕಾಲಕ್ರಮವು ಇದಕ್ಕೆ ಒಪ್ಪದು. ದ್ವೇಷವು ಕಾರಣವಾಗಿದ್ದಲ್ಲಿ ಅಶೋಕನ ನೆನಪು ಹಸಿದಾಗಿದ್ದ ಕಾಲದಲ್ಲಿ ಅರ್ಥವು ಕೆಡಬೇಕಾಗಿತ್ತು. ಆದರೆ ಆ ಕಾಲಕ್ಕೆ ಹತ್ತಿರದ ಪತಂಜಲಿಯೂ, ಅದಕ್ಕೆ ಎಂಟುನೂರು ವರ್ಷಗಳ ಈಚಿನ ಬಾಣನೂ ವೈದಿಕಬ್ರಾಹ್ಮಣರಾಗಿಯೇ ಇದನ್ನು ಆದರದಿಂದ ಬಳಸಿದ್ದಾರೆ. ಅಶೋಕನು ಯಾರೆಂಬುದೇ ಮರೆತುಹೋದ ಬಳಿಕ ಕೆಟ್ಟ ಅರ್ಥವು ಗಟ್ಟಿಯಾಯಿತು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಹ ತುಘಲಕನು ಅಶೋಕನ ಕಂಬಗಳನ್ನು ದಿಲ್ಲಿಗೆ ಸಾಗಿಸಿ ಪಂಡಿತರನ್ನು ಕರೆಸಿದಾಗ ಅವುಗಳನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಮರೆವು ಮಾಡಿದ ಕೆಲಸವನ್ನು ಹಗೆತನಕ್ಕೆ ಆರೋಪಿಸುವುದು ಚರಿತ್ರಕಾರನಿಗೆ ಶೋಭಿಸದು.

ನಿಜವಾದ ಕಾರಣವು ಇದಕ್ಕಿಂತ ಸಾಮಾನ್ಯವಾದುದು. ನಮ್ಮ ಮನೆಯ ಮಾತಿನಲ್ಲಿಯೇ ಅದನ್ನು ಕಾಣಬಹುದು. ಹೇಳಿದ ಕೆಲಸವನ್ನು ಕೆಡಿಸಿ ಬಂದವನನ್ನು ‘ಎಂಥ ಭೂಪನಯ್ಯಾ ನೀನು’ ಎನ್ನುತ್ತೇವೆ. ಬರುವೆನೆಂದು ಮಾತುಕೊಟ್ಟು ಬಾರದವನನ್ನು ‘ಎಲ್ಲಿ ಹೋದನೋ ಪುಣ್ಯಾತ್ಮ’ ಎನ್ನುತ್ತೇವೆ. ‘ಮಹರಾಯ’, ‘ಮಹಾನುಭಾವ’ ಎಂಬವೂ ಹೀಗೆಯೇ. ಭೂಪನೆಂದರೆ ಅರಸನೆಂದೂ ಪುಣ್ಯಾತ್ಮನೆಂದರೆ ಸುಕೃತಿಯೆಂದೂ ಬಲ್ಲವರೇ ಹೀಗೆ ನುಡಿಯುವರು. ಇದರಲ್ಲಿ ರಾಜದ್ವೇಷವೂ ಇಲ್ಲ, ಪುಣ್ಯದ್ವೇಷವೂ ಇಲ್ಲ. ಹೊಗಳಿಕೆಯ ಮಾತು ವ್ಯಂಗ್ಯಕ್ಕೆ ಸುಲಭವಾಗಿ ಒದಗುತ್ತದೆ. ವ್ಯಂಗ್ಯವು ಹೆಚ್ಚುಕಾಲ ಸವೆದರೆ ಅದೇ ವಾಚ್ಯಾರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಈಗ ಪೆದ್ದನೆಂದು ಹೇಳುವ ‘ಸಿಲ್ಲಿ’ ಎಂಬ ಶಬ್ದವು ಮೊದಲು ಧನ್ಯನೆಂಬ ಅರ್ಥದಲ್ಲಿತ್ತು.

ದೇವಾನಾಂಪ್ರಿಯನ ಈ ಮಧ್ಯಾವಸ್ಥೆಯೂ ನಮಗೆ ದೊರೆಯುತ್ತದೆ. ಶ್ರೀ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಪೂರ್ವಪಕ್ಷಿಯನ್ನು ಪ್ರಶ್ನಿಸುವಾಗ ಆತನನ್ನು ದೇವಾನಾಂಪ್ರಿಯನೆನ್ನುವರು. ಮೇಲೆ ಆದರ, ಒಳಗೆ ನಗೆ. ಇದಕ್ಕಿಂತ ಹಿಂದೆ ಮಹಾಭಾಷ್ಯದಲ್ಲಿಯೇ ಒಂದು ಸ್ವಾರಸ್ಯವಾದ ಕಥೆಯುಂಟು. ಒಬ್ಬ ವೈಯಾಕರಣನು ರಥವನ್ನು ಕಂಡು, ಇದರ ‘ಪ್ರವೇತಾ’ ಯಾರು ಎಂದು ಕೇಳುತ್ತಾನೆ. ಸಾರಥಿಯು ವಿನಯದಿಂದ, ಆಯುಷ್ಮಂತನೆ, ನಾನೇ ಇದರ ‘ಪ್ರಾಜಿತಾ’ ಎನ್ನುತ್ತಾನೆ. ಅದು ಅಪಶಬ್ದವೆಂದು ವೈಯಾಕರಣನು ಜರೆಯುತ್ತಾನೆ. ಆಗ ಸಾರಥಿಯು, ದೇವಾನಾಂಪ್ರಿಯನಾದ ತಾವು ಸೂತ್ರದಿಂದ ಪ್ರಾಪ್ತವಾದುದನ್ನು ಬಲ್ಲಿರಿ, ಲೋಕಕ್ಕೆ ಇಷ್ಟವಾದುದನ್ನು ಅರಿಯಿರಿ. ಈ ರೂಪವು ಲೋಕಕ್ಕೆ ಇಷ್ಟವಾದುದು ಎಂಬರ್ಥದ ಉತ್ತರವನ್ನು ಕೊಡುತ್ತಾನೆ. ವೈಯಾಕರಣನು ಸಿಟ್ಟಾಗಿ ಅವನನ್ನು ‘ದುರುತ’ನೆಂದು ಬಯ್ಯುತ್ತಾನೆ; ‘ಸೂತ’ಶಬ್ದದ ವ್ಯುತ್ಪತ್ತಿ ಬೇರೆ, ಬಯ್ಯುವುದಾದರೆ ‘ದುಃಸೂತ’ನೆನ್ನಬೇಕು ಎಂದು ಸಾರಥಿಯು ಆ ಬೈಗುಳವನ್ನೂ ತಿದ್ದುತ್ತಾನೆ! ಇಲ್ಲಿ ದೇವಾನಾಂಪ್ರಿಯನೆಂಬುದು ಗೌರವವೋ ಕುಟುಕೋ ಎಂಬುದನ್ನು ಸಾರಥಿಯ ಧ್ವನಿಯನ್ನು ಕೇಳಿದ್ದರೆ ಮಾತ್ರ ಹೇಳಬಹುದಾಗಿತ್ತು. ಶಬ್ದದ ಗುಣದೋಷವು ಎಷ್ಟು ಮಟ್ಟಿಗೆ ಆಡುವವನ ಬಾಯಲ್ಲಿಯೂ ಕೇಳುವವನ ಕಿವಿಯಲ್ಲಿಯೂ ಇರುವುದೆಂಬುದಕ್ಕೆ ಈ ಕಥೆ ಸಾಕು.

ವ್ಯುತ್ಪತ್ತಿಯು ಇದನ್ನು ನಿರ್ಣಯಿಸದೆಂಬುದಕ್ಕೆ ಇನ್ನೊಂದು ದೃಷ್ಟಾಂತ. ‘ಮುಹ್’ ಎಂಬ ಒಂದೇ ಧಾತು, ‘ಕ್ತ’ ಎಂಬ ಒಂದೇ ಪ್ರತ್ಯಯ. ಪಾಣಿನಿಯ ವಿಕಲ್ಪದಿಂದ ಎರಡು ರೂಪಗಳು: ‘ಮೂಢ’, ‘ಮುಗ್ಧ’. ಮಗುವನ್ನು ಮುಗ್ಧವೆಂದರೆ ತಾಯಿ ಹಿಗ್ಗುವಳು, ಮೂಢವೆಂದರೆ ಕೆರಳುವಳು. ಧಾತುವನ್ನು ತೋರಿಸಿ ಆಕೆಯನ್ನು ಸಮಾಧಾನಪಡಿಸಲು ಯಾವ ವೈಯಾಕರಣನಿಂದಲೂ ಆಗದು.

೫

ಇಲ್ಲಿಯವರೆಗಿನ ವಿಚಾರದಿಂದ, ನುಡಿಯ ಮಡಿಯೆಲ್ಲವೂ ಅಜ್ಞಾನಮೂಲವೆಂದು ವಾಚಕರು ನಿರ್ಣಯಿಸಬಾರದು. ಹಾಗೆ ನಿರ್ಣಯಿಸುವುದು ಪಂಡಿತರಿಗೆ ಬಲು ಪ್ರಿಯವಾದ ತಪ್ಪು; ಈ ಲೇಖಕನೂ ಅದನ್ನು ಮಾಡಿದವನೇ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಸಮಾಸಪ್ರಕರಣವನ್ನು ಪಾಠಹೇಳುವಾಗ, ಷಷ್ಠೀತತ್ಪುರುಷಕ್ಕೆ ‘ಹರಿಜನ’ ಎಂಬ ಉದಾಹರಣೆಯನ್ನು ಕೊಟ್ಟೆನು. ಹರಿಯ ಜನ, ಎಂದರೆ ಭಗವಂತನಿಗೆ ಸೇರಿದವರು. ಇಷ್ಟು ಉತ್ತಮವಾದ ಶಬ್ದವನ್ನು ಈಗಿನವರು ಏಕೆ ಆಕ್ಷೇಪಿಸುವರೋ ತಿಳಿಯದು ಎಂದೂ ಸೇರಿಸಿದೆನು. ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತು, “ಗುರುಗಳೆ, ವಿಗ್ರಹವಾಕ್ಯ ಚೆನ್ನಾಗಿದೆ. ಆದರೆ ಈ ಹೆಸರಿನಿಂದ ನಿಮ್ಮನ್ನು ಯಾರೂ ಕರೆಯುವುದಿಲ್ಲವಲ್ಲ” ಎಂದನು. ಅವನ ಮಾತಿನಲ್ಲಿ ಅವಿನಯವಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನ ಪಾಠವು ಅಲ್ಲಿಗೆ ನಿಂತಿತು.

ಈ ಶಬ್ದದ ಚರಿತ್ರೆಯನ್ನು ಆ ಮೇಲೆ ನೋಡಿದೆನು. ಗಾಂಧೀಜಿಯವರು ಸದುದ್ದೇಶದಿಂದಲೇ ಇದನ್ನು ಪ್ರಚಾರಕ್ಕೆ ತಂದರು. ೧೯೩೩ರಲ್ಲಿ ಇದೇ ಹೆಸರಿನ ವಾರಪತ್ರಿಕೆಯನ್ನೂ ಹೊರಡಿಸಿದರು. ಆದರೆ ಹೆಸರನ್ನು ಹೊರಬೇಕಾದವರನ್ನು ಯಾರೂ ಕೇಳಿರಲಿಲ್ಲ. ೧೯೩೮ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಇದನ್ನು ಕಾನೂನಿನ ಶಬ್ದವನ್ನಾಗಿ ಮಾಡಹೊರಟಾಗ ಡಾ. ಅಂಬೇಡ್ಕರ್ ಅವರೂ ಅವರ ಪಕ್ಷದವರೂ ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಇವರು ಮಾತ್ರ ಹರಿಯ ಜನರಾದರೆ ಉಳಿದವರು ಯಾರ ಜನ? ಎಲ್ಲರೂ ಹರಿಯ ಜನರಾದರೆ ಇವರಿಗೇಕೆ ಬೇರೆ ಹೆಸರು? ಹೆಸರು ಹೊಸದಾಯಿತು, ಕೇರಿ ಊರಾಚೆಯಲ್ಲಿಯೇ ಉಳಿಯಿತು. ಹಳೆಯ ಹೆಸರಿಗೆ ಅಂಟಿದ್ದ ತಿರಸ್ಕಾರವು ಕ್ರಮವಾಗಿ ಹೊಸ ಹೆಸರಿಗೂ ಅಂಟಿತು. ೧೯೮೨ರಲ್ಲಿ ಭಾರತಸರ್ಕಾರದ ಗೃಹಖಾತೆಯು ಜಾತಿಪ್ರಮಾಣಪತ್ರಗಳಲ್ಲಿ ಈ ಶಬ್ದವನ್ನು ಬರೆಯಕೂಡದೆಂದು ರಾಜ್ಯಗಳಿಗೆ ತಿಳಿಸಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಅವಮಾನಿಸುವುದಕ್ಕಾಗಿಯೇ ಬಳಕೆಯಾಗುತ್ತಿರುವ ಶಬ್ದವೆಂದು ಹೇಳಿತು.

ದೇವತೆಗಳಿಗೆ ಪ್ರಿಯನಾದವನು ಮೂರ್ಖನಾದನು. ಹರಿಯ ಜನರು ಅವಮಾನಿತರಾದರು. ಎರಡು ಶಬ್ದಗಳ ಅರ್ಥವೂ ದೈವಿಕ, ಎರಡರ ಗತಿಯೂ ಒಂದೇ. ಆದರೆ ಒಂದು ಭೇದವುಂಟು. ದೇವಾನಾಂಪ್ರಿಯನೆಂಬುದು ಬೈಗುಳವಾದಾಗ ಅಶೋಕನು ಕೇಳಿಸಿಕೊಳ್ಳಲು ಇರಲಿಲ್ಲ. ಎರಡನೆಯದು ಬೈಗುಳವಾದಾಗ ಕೇಳುವವರು ಎದುರಿನಲ್ಲಿಯೇ ಇದ್ದರು. ಮೊದಲನೆಯದರಲ್ಲಿ ವ್ಯುತ್ಪತ್ತಿಯನ್ನು ತೋರಿಸಿ ಶಾಸನದ ಮಾನವನ್ನುಳಿಸುವುದು ಪಂಡಿತನ ಧರ್ಮ. ಎರಡನೆಯದರಲ್ಲಿ ಅದೇ ವ್ಯುತ್ಪತ್ತಿಯನ್ನು ತೋರಿಸಿ ನೊಂದವನ ಬಾಯಿ ಮುಚ್ಚಿಸುವುದು ಪಂಡಿತನ ಅಧರ್ಮ.

ಇದಕ್ಕೆ ಪ್ರತಿಯಾಗಿ ‘ದಲಿತ’ ಎಂಬ ಶಬ್ದವನ್ನು ನೋಡಿರಿ. ‘ದಲ್’ ಎಂದರೆ ಸೀಳು, ಒಡೆ. ದಲಿತನೆಂದರೆ ಸೀಳಲ್ಪಟ್ಟವನು, ತುಳಿಯಲ್ಪಟ್ಟವನು. ವಿಗ್ರಹದಲ್ಲಿ ಮಂಗಲವಾದುದೇನೂ ಇಲ್ಲ. ಆದರೂ ೧೯೭೦ರ ದಶಕದಿಂದೀಚೆಗೆ ಮಹಾರಾಷ್ಟ್ರದಲ್ಲಿಯೂ, ದಲಿತ ಸಂಘರ್ಷ ಸಮಿತಿಯ ಮೂಲಕ ಕರ್ನಾಟಕದಲ್ಲಿಯೂ, ಆ ಜನರು ಇದನ್ನು ತಲೆಯೆತ್ತಿ ಹೇಳಿಕೊಂಡರು. ಏಕೆಂದರೆ ಇದು ದಯೆಯಿಂದ ಬಂದ ಹೆಸರಲ್ಲ. ತುಳಿದವರು ಇದ್ದರೆಂಬುದನ್ನು ನೆನಪಿಸುವ, ತಾವೇ ಆರಿಸಿಕೊಂಡ ಹೆಸರು.

ಅಂಗವ್ಯವಸ್ಥೆಯಲ್ಲಿ ಊನವುಳ್ಳವರ ಹೆಸರುಗಳಲ್ಲಿಯೂ ಇದೇ ನ್ಯಾಯವನ್ನು ಕಾಣಬಹುದು. ೨೦೧೫ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಆಕಾಶವಾಣಿಯ ಭಾಷಣದಲ್ಲಿ ಅವರನ್ನು ‘ದಿವ್ಯಾಂಗ’ರೆಂದು ಕರೆಯೋಣವೆಂದರು. ಮತ್ತೆ ದೈವಿಕವಾದ ಶಬ್ದ. ಅಂಥವರ ಹಕ್ಕುಗಳಿಗಾಗಿ ದುಡಿಯುವ ಸಂಘಗಳು, ತಮಗೆ ಬೇಕಾದುದು ದಿವ್ಯತ್ವವಲ್ಲ, ಏರಲಾಗುವ ಮೆಟ್ಟಿಲೂ ಸಿಕ್ಕುವ ಉದ್ಯೋಗವೂ ಎಂಬ ಅಭಿಪ್ರಾಯದಿಂದ ಆಕ್ಷೇಪಿಸಿದುವು. ನಮ್ಮ ರಾಜ್ಯದ ಸರ್ಕಾರಿ ಕನ್ನಡದಲ್ಲಿ ‘ವಿಕಲಾಂಗ’ವನ್ನು ಬಿಟ್ಟು ‘ವಿಕಲಚೇತನ’ವೆಂದು ಬರೆಯುವರು. ವಿಗ್ರಹಿಸಿದರೆ ಮೊದಲನೆಯದರಲ್ಲಿ ಊನವು ಅಂಗಕ್ಕೆ, ಎರಡನೆಯದರಲ್ಲಿ ಚೇತನಕ್ಕೇ! ವೈಯಾಕರಣನ ದೃಷ್ಟಿಯಿಂದ ಇದು ತಿದ್ದುಪಡಿಯಲ್ಲ, ಕೇಡು. ಆದರೆ ಲೋಕವು ಅದನ್ನು ಆದರದಿಂದ ಬಳಸುತ್ತಿರುವುದರಿಂದ ವಾಮನನು ಹೇಳಿದ ಸಂವೃತದ ವರ್ಗಕ್ಕೆ ಅದು ಸೇರಿತು. ಈಗ ಅದನ್ನು ಕೆದಕುವುದು ಸಲ್ಲದು.

೬

ಮೇಲಣ ವಿಚಾರದಿಂದ ಸಿದ್ಧವಾಗುವುದನ್ನು ಸಂಗ್ರಹಿಸಿ ಹೇಳುವೆವು. ಶಬ್ದವೊಂದು ಬೈಗುಳವೋ ಅಲ್ಲವೋ ಎಂಬುದಕ್ಕೆ ಧ್ವನಿಯು ಪ್ರಮಾಣವಲ್ಲ, ವ್ಯುತ್ಪತ್ತಿಯೂ ಪ್ರಮಾಣವಲ್ಲ, ಪ್ರಯೋಗವೊಂದೇ ಪ್ರಮಾಣ. ಪ್ರಯೋಗವೆಂದರೆ ಯಾವ ಕಾಲದಲ್ಲಿ, ಯಾರು, ಯಾರನ್ನು ಕುರಿತು, ಯಾವ ಉದ್ದೇಶದಿಂದ ಆಡಿದರು, ಕೇಳಿದವರಿಗೆ ಅದು ಹೇಗೆ ಮುಟ್ಟಿತು ಎಂಬಿಷ್ಟೂ ಸೇರಿದುದು. ನುಡಿಯ ಮಡಿಯ ಎಲ್ಲೆಯು ಪ್ರಯೋಗಜ್ಞಾನದ ಎಲ್ಲೆಯೇ. ಅದನ್ನು ಮೀರಿದ ಮಡಿಯು ನಿರ್ದೋಷಿಯನ್ನು ದಂಡಿಸುತ್ತದೆ, ಅದಕ್ಕಿಂತ ಹಿಂದೆ ನಿಂತ ಪಾಂಡಿತ್ಯವು ನೊಂದವರನ್ನು ಮತ್ತೊಮ್ಮೆ ನೋಯಿಸುತ್ತದೆ.

ಇದರಿಂದ ಸಾಹಿತ್ಯವನ್ನು ಬೋಧಿಸುವವರಿಗೂ ಹಳೆಯ ಗ್ರಂಥಗಳನ್ನು ಸಂಪಾದಿಸುವವರಿಗೂ ಒದಗುವ ಕರ್ತವ್ಯಗಳು ಎರಡು. ಒಂದು: ಹಳೆಯ ಶಬ್ದಕ್ಕೆ ಹೊಸ ಕಾಲದ ಅರ್ಥವನ್ನು ಹೊರಿಸಬಾರದು, ಅದರ ಭಯದಿಂದ ಪಾಠವನ್ನು ತಿದ್ದಲೂಬಾರದು. ಅಶೋಕನ ಹನ್ನೆರಡನೆಯ ಬಂಡೆಶಾಸನದಲ್ಲಿ ‘ಪಾಷಂಡ’ವೆಂದರೆ ಮತಪಂಥವೆಂದಷ್ಟೇ ಅರ್ಥ; ಎಲ್ಲ ಪಾಷಂಡಗಳನ್ನೂ ಗೌರವಿಸಬೇಕೆಂಬುದು ಅವನ ಉಪದೇಶ. ಮನುಸ್ಮೃತಿಯಲ್ಲಿ ಅದೇ ಶಬ್ದವು ವೇದಬಾಹ್ಯರನ್ನು ಜರೆಯುವ ಮಾತಾಯಿತು. ಸ್ಮೃತಿಯ ಅರ್ಥವನ್ನು ಹಿಡಿದು ಶಾಸನವನ್ನೋದಿದರೆ ಪರಮತಸಹಿಷ್ಣುತೆಯ ಆ ವಾಕ್ಯವೇ ಪ್ರಲಾಪವಾಗುವುದು. ವಿದ್ಯಾರ್ಥಿಯು ಇಂಥ ಶಬ್ದದಿಂದ ಬೆಚ್ಚಿದರೆ ನಕ್ಕುಬಿಡದೆ, ಶಬ್ದವನ್ನು ಅಳಿಸದೆ, ಅದರ ಕಥೆಯನ್ನು ಹೇಳುವುದೇ ಅಧ್ಯಾಪಕನ ಕೆಲಸ. ಎರಡು: ಇಂದು ಬದುಕಿರುವ ಜನರ ಹೆಸರಿನ ವಿಷಯದಲ್ಲಿ ಕೋಶವನ್ನು ತೆರೆಯುವ ಮೊದಲು ಅವರನ್ನು ಕೇಳಬೇಕು. ಅವರು ಬೇಡವೆಂದ ಹೆಸರಿಗೆ ಎಂಥ ಸುಂದರವಾದ ವಿಗ್ರಹವಾಕ್ಯವಿದ್ದರೂ ಅದು ನಮ್ಮ ಪುಸ್ತಕದಲ್ಲಿರಲಿ, ನಮ್ಮ ನಾಲಗೆಯಲ್ಲಿ ಬೇಡ.

ಮಹಾಭಾಷ್ಯದ ಆ ಸಾರಥಿಯ ಕಥೆಯನ್ನು ಪಾಠಹೇಳುವಾಗಲೆಲ್ಲ ನನಗೆ ಹಿಂದಿನ ಸಾಲಿನ ಆ ಹುಡುಗನ ನೆನಪಾಗುತ್ತದೆ. ಸೂತ್ರದಿಂದ ಪ್ರಾಪ್ತವಾದುದನ್ನು ನಾನು ಬಲ್ಲವನಾಗಿದ್ದೆನು; ಲೋಕಕ್ಕೆ ಇಷ್ಟವಾದುದನ್ನು ಬಲ್ಲವನು ಅವನಾಗಿದ್ದನು. ಅಂದು ಆ ಕೊಠಡಿಯಲ್ಲಿ ಕೌಮುದಿಯ ಅರ್ಥದ ದೇವಾನಾಂಪ್ರಿಯನು ಯಾರಾಗಿದ್ದನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.